ಕೈಮಗ್ಗದ ಉಣ್ಣೆ ಮತ್ತು ಹತ್ತಿ ಬಟ್ಟೆಗಳು: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಮಡಿಕೇರಿಯಲ್ಲಿ ಕೈಮಗ್ಗದ ಬಟ್ಟೆಗಳ ಅಂಗಡಿ ಇಟ್ಟುಕೊಂಡಿರುವುದರಿಂದ ಉಣ್ಣೆ, ಹತ್ತಿಯ ಬಗ್ಗೆ ನಮ್ಮನ್ನು ಕೇಳುವವರು ಬಹಳ. ಗಲ್ಲಾದ ಮುಂದೆ ನಿಂತು ಕೇಳುವವರಿದ್ದಾರೆ, ಮಳೆಗಾಲದ ನಡುವೆ ಬೀರು ತೆರೆದು ನೋಡಿ ಗಾಬರಿಯಿಂದ ಫೋನ್ ಮಾಡುವವರೂ ಇದ್ದಾರೆ. ಉತ್ತರಗಳನ್ನು ಇಲ್ಲಿ ಒಟ್ಟಿಗೆ ಬರೆದಿಟ್ಟಿದ್ದೇವೆ.

ಒಂದು ಮಾತು ಮೊದಲೇ ಹೇಳಬೇಕು. ಕೈಯಲ್ಲಿ ನೇಯ್ದ ಬಟ್ಟೆ ತಾನು ಹುಟ್ಟಿದ ಊರಿನ ಹವೆಗೆ ಹೊಂದಿಕೊಂಡು ಬಂದಿರುತ್ತದೆ. ಚಳ್ಳಕೆರೆಯ ಕಂಬಳಿ, ಲಡಾಖಿನ ಪಶ್ಮಿನಾ, ಕಛ್‌ನ ಶಾಲು ಎಲ್ಲವೂ ಒಣ ನಾಡಿನವು. ವರ್ಷಕ್ಕೆ 3000 ಮಿಲಿಮೀಟರ್‌ಗೂ ಮಿಕ್ಕಿ ಮಳೆ ಸುರಿಯುವ ಮಡಿಕೇರಿಗೆ ಅವನ್ನು ತಂದ ಮೇಲೆ, ಅಲ್ಲಿ ಇಟ್ಟುಕೊಂಡಂತೆಯೇ ಇಲ್ಲೂ ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಕೆಳಗಿನ ಉತ್ತರಗಳಲ್ಲಿ ಅರ್ಧಕ್ಕರ್ಧ ತೇವದ ಮಾತೇ.

ಇದು ನಿಜವಾಗಿಯೂ ಕೈಮಗ್ಗದ್ದು ಎಂದು ಗುರುತಿಸುವುದು ಹೇಗೆ?

ಒಂದೇ ಗುರುತಿನ ಮೇಲೆ ತೀರ್ಮಾನಕ್ಕೆ ಬರಬೇಡಿ. ಮೊದಲು ಅಂಚು ನೋಡಿ. ಲಾಳಿ ಆ ಬದಿಗೆ ಹೋಗಿ ಈ ಬದಿಗೆ ಮರಳುವಾಗ ಹೊಕ್ಕಿನ ಎಳೆ, ಅಂದರೆ ಅಡ್ಡ ಎಳೆ, ತುಂಡಾಗದೆ ಅಂಚಿನಲ್ಲೇ ತಿರುಗಿಕೊಳ್ಳುತ್ತದೆ. ಲಾಳಿಯಿಲ್ಲದ ಹೊಸ ಯಂತ್ರಮಗ್ಗಗಳಲ್ಲಿ ಎಳೆಯ ತುದಿ ಅಂಚಿನಲ್ಲಿ ಕತ್ತರಿಸಿಕೊಂಡಿರುತ್ತದೆ. ಆದರೆ ಹಳೆಯ ಬಗೆಯ ಯಂತ್ರಮಗ್ಗಗಳಿಗೂ ಲಾಳಿ ಇರುವುದರಿಂದ, ಅಂಚು ಸರಿಯಿದ್ದ ಮಾತ್ರಕ್ಕೆ ಕೈಮಗ್ಗ ಎನ್ನಲಾಗದು.

ಬಟ್ಟೆಯನ್ನು ಬೆಳಕಿಗೆ ಹಿಡಿಯಿರಿ. ಎಳೆಯನ್ನು ಒತ್ತಿ ಕೂರಿಸಲು ನೇಕಾರ ಹಣಿಗೆ ಬಡಿಯುವ ಬಲ ದಿನವಿಡೀ ಒಂದೇ ಸಮ ಇರುವುದಿಲ್ಲ. ನೇಯ್ಗೆ ಒಂದೆಡೆ ಕೂದಲೆಳೆಯಷ್ಟು ದಟ್ಟವಾಗಿ, ಇನ್ನೊಂದೆಡೆ ಅಷ್ಟೇ ಸಡಿಲವಾಗಿ ಕಾಣಿಸುತ್ತದೆ. ಭಾರತ ಸರ್ಕಾರ 2006ರಲ್ಲಿ ತಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ಇದ್ದರೆ ನಂಬಿಕೆಗೆ ಇನ್ನೊಂದು ಆಧಾರ. 1985ರ ಕೈಮಗ್ಗ ಮೀಸಲಾತಿ ಕಾಯ್ದೆಯಂತೆ ಕೆಲವು ಬಗೆಯ ಬಟ್ಟೆಗಳನ್ನು ಯಂತ್ರಮಗ್ಗದಲ್ಲಿ ನೇಯುವಂತೆಯೇ ಇಲ್ಲ. ಆದರೂ ಪ್ರವಾಸಿ ತಾಣಗಳಲ್ಲಿ ಅಚ್ಚು ಹೊಡೆದ ಗಿರಣಿ ಬಟ್ಟೆ ಕೈಮಗ್ಗದ ಹೆಸರಿನಲ್ಲಿ ಧಾರಾಳವಾಗಿ ಮಾರಾಟವಾಗುತ್ತದೆ. ಮಾರುವವರನ್ನು ‘ಯಾವ ಊರಿನ ಮಗ್ಗದ್ದು?’ ಎಂದು ಕೇಳಿ. ತಿಳಿದು ಮಾರುವವರು ಊರಿನ ಹೆಸರು ಹೇಳುತ್ತಾರೆ.

ಕರಿ ಕಂಬಳಿ ಎಲ್ಲಿಂದ ಬರುತ್ತದೆ? ಪೇಟೆಯಲ್ಲಿ ಸಿಗುವ ಅಗ್ಗದ ಬ್ಲಾಂಕೆಟ್‌ಗೂ ಅದಕ್ಕೂ ಏನು ವ್ಯತ್ಯಾಸ?

ಚಿತ್ರದುರ್ಗ, ಹಾವೇರಿ, ಗದಗ, ಬೆಳಗಾವಿ ಕಡೆಯ ಬಯಲುಸೀಮೆಯಲ್ಲಿ ಕುರುಬ ಸಮುದಾಯದವರು ತಲೆತಲಾಂತರದಿಂದ ನೇಯ್ದುಕೊಂಡು ಬಂದದ್ದು ಕಂಬಳಿ. ಚಳ್ಳಕೆರೆ ಮತ್ತು ರಾಣೆಬೆನ್ನೂರು ತಾಲ್ಲೂಕಿನ ಮೇಡ್ಲೇರಿ ಇದಕ್ಕೆ ಹೆಸರಾದ ಊರುಗಳು. ಉಣ್ಣೆ ದಖ್ಖನಿ ತಳಿಯ ಕುರಿಯದು. ಆ ಕಪ್ಪು ಬಣ್ಣ ಹಾಕಿದ್ದಲ್ಲ, ಕುರಿಯ ಮೈಬಣ್ಣವೇ ಅದು. ಬಿಸಿಲಿನಲ್ಲಿ ಹಿಡಿದರೆ ಕಪ್ಪಿನ ನಡುವೆ ಕಂದು, ಬೂದು ಎಳೆಗಳು ಕಾಣುತ್ತವೆ. ಒಂದೇ ಸಮನಾದ ಕಡುಗಪ್ಪು ಕಂಡರೆ ಬಣ್ಣ ಹಾಕಿರಬಹುದು ಎಂದು ಅನುಮಾನಿಸಿ.

ಉಣ್ಣೆ ಹಿಂಜಿ, ನೂಲುವ ಕೆಲಸದಲ್ಲಿ ಹೆಂಗಸರದ್ದು ದೊಡ್ಡ ಪಾಲು. ನೇಯುವುದು ಗುಂಡಿ ಮಗ್ಗದಲ್ಲಿ, ನೆಲದಲ್ಲಿ ತೋಡಿದ ಕುಳಿಯೊಳಗೆ ಕಾಲು ಇಳಿಬಿಟ್ಟು ಕುಳಿತು. ಎರಡರ ನಡುವೆ ಒಂದು ಹಂತವಿದೆ, ಅದನ್ನು ಯಾರೂ ಗಮನಿಸುವುದಿಲ್ಲ. ಕೈಯಲ್ಲಿ ನೂತ ಉಣ್ಣೆಯ ಎಳೆ ಒರಟು, ಜೊತೆಗೆ ದುರ್ಬಲ. ಹಾಗೆಯೇ ಮಗ್ಗಕ್ಕೇರಿಸಿದರೆ ತಿಕ್ಕಾಟಕ್ಕೆ ಕಡಿದುಹೋಗುತ್ತದೆ. ಅದಕ್ಕಾಗಿ ಹುಣಸೆ ಬೀಜವನ್ನು ಅರೆದು, ಬೇಯಿಸಿ, ಗಂಜಿ ಮಾಡಿ, ಬಯಲಿನಲ್ಲಿ ಉದ್ದಕ್ಕೆ ಬಿಗಿದ ಹಾಸಿನ (ಉದ್ದ ಎಳೆಗಳ) ಮೇಲೆ ಕುಂಚದಿಂದ ಬಳಿಯುತ್ತಾರೆ. ಎದ್ದ ಕೂದಲೆಲ್ಲ ಎಳೆಗೆ ಅಂಟಿಕೊಂಡು ಮಲಗುತ್ತದೆ. ಹೊಸ ಕಂಬಳಿ ಬಿರುಸಾಗಿರುವುದೂ ಅದಕ್ಕೊಂದು ವಿಶಿಷ್ಟ ವಾಸನೆಯಿರುವುದೂ ಈ ಗಂಜಿಯಿಂದ.

ಕೊಡಗಿನವರು ಇದನ್ನು ನೆನಪಿಡಬೇಕು. ಚಳ್ಳಕೆರೆಯ ಒಣ ಹವೆಯಲ್ಲಿ ಗಂಜಿಯಿಂದ ತೊಂದರೆಯಿಲ್ಲ. ನಮ್ಮಲ್ಲಿ ಬೂಷ್ಟಿಗೂ ಹುಳುವಿಗೂ ಅದೇ ಮೊದಲ ಆಹಾರ. ಹೊಸ ಕಂಬಳಿ ಕೊಂಡವರು ಮಳೆ ಹಿಡಿಯುವ ಮುನ್ನ, ಬೇಸಿಗೆಯಲ್ಲಿಯೇ ಒಂದು ಸಲ ತಣ್ಣೀರಿನಲ್ಲಿ ನೆನೆಸಿ ಗಂಜಿ ಬಿಡಿಸಿ ಒಣಗಿಸಿಟ್ಟುಕೊಳ್ಳಿ.

ಸಂತೆಯಲ್ಲಿ ಸಿಗುವ ಅಗ್ಗದ ಬ್ಲಾಂಕೆಟ್‌ಗಳಲ್ಲಿ ಬಹುಪಾಲು ಪಾಣಿಪತ್ ಕಡೆಯವು. ಹಳೆಯ ಉಣ್ಣೆ ಉಡುಪುಗಳನ್ನು ಹರಿದು, ಮತ್ತೆ ನೂತು ಮಾಡಿದವು ಅಥವಾ ಪೂರ್ತಿ ಪಾಲಿಯೆಸ್ಟರಿನವು. ಚಳಿಗೆ ಆದಾವು. ಆದರೆ ಕಂಬಳಿಗಿರುವ ಒಂದು ಗುಣ ಅವಕ್ಕಿಲ್ಲ. ಉಣ್ಣೆ ತನ್ನ ತೂಕದ ಸುಮಾರು ಮೂರನೇ ಒಂದು ಭಾಗದಷ್ಟು ತೇವ ಹೀರಿಕೊಂಡರೂ ಮೈಗೆ ಒದ್ದೆ ಎನಿಸುವುದಿಲ್ಲ. ಕುರಿಯ ಮೈಯ ಜಿಡ್ಡು ಉಳಿದಿರುವ ಒರಟು ಉಣ್ಣೆಯ ಮೇಲೆ ಮಳೆಹನಿ ತಕ್ಷಣ ಒಳಗಿಳಿಯುವುದೂ ಇಲ್ಲ. ಪ್ಲಾಸ್ಟಿಕ್ ಬರುವ ಮುನ್ನ ಮಲೆನಾಡಿನ ಗದ್ದೆಗಳಲ್ಲಿ ಜನ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ದುಡಿದದ್ದು ಈ ಗುಣದ ಬಲದಿಂದ.

ಅಸಲಿ ಕಂಬಳಿ ಸಿಗುವುದು ಈಗ ಕಷ್ಟವಾಗುತ್ತಿದೆ. ಮಾಂಸಕ್ಕಾಗಿ ನೆಲ್ಲೂರು ತಳಿಯ ಕುರಿಗಳನ್ನು ತಂದು ಬೆರಕೆ ಮಾಡಿದ ಮೇಲೆ ದಖ್ಖನಿ ಹಿಂಡುಗಳಲ್ಲಿ ಉಣ್ಣೆಯೇ ಕಡಿಮೆಯಾಗಿದೆ. ಉಣ್ಣೆ ಇಲ್ಲದಿದ್ದರೆ ನೂಲುವವರಿಲ್ಲ, ನೂಲು ಇಲ್ಲದಿದ್ದರೆ ಮಗ್ಗವಿಲ್ಲ. ನಮ್ಮ ಅಂಗಡಿಗೆ ಬರುವ ಎಲ್ಲ ಬಟ್ಟೆಗಳಲ್ಲಿ ನಮಗೆ ಹೆಚ್ಚು ಚಿಂತೆ ಇರುವುದು ಇದರ ಬಗ್ಗೆಯೇ.

ಕಂಬಳಿ ಮೈಗೆ ಚುಚ್ಚುತ್ತದಲ್ಲ?

ಚುಚ್ಚುತ್ತದೆ. ಒಳಗೊಂದು ಹತ್ತಿಯ ಹೊದಿಕೆ ಹೊದ್ದು ಮೇಲೆ ಕಂಬಳಿ ಹಾಕಿಕೊಳ್ಳಿ. ಬಳಸುತ್ತ ಹೋದಂತೆ ಮೆತ್ತಗಾಗುತ್ತದೆ. ಚುಚ್ಚದ ಉಣ್ಣೆಯೇ ಬೇಕಿದ್ದರೆ ಕುಲು ಅಥವಾ ಕಾಶ್ಮೀರದ ಶಾಲು ನೋಡಿ.

ಕಕ್ಕಡದಲ್ಲಿ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಬೀರುವಿನೊಳಗೆಲ್ಲ ಬೂಷ್ಟು. ಏನು ಮಾಡಬೇಕು?

ಅತಿ ಹೆಚ್ಚು ಬರುವ ಪ್ರಶ್ನೆ ಇದು. ಗಾಳಿಯಲ್ಲಿ ತೇವಾಂಶ ಶೇ 65ರ ಮೇಲೆ ಹೋಗಿ ಅಲ್ಲೇ ನಿಂತರೆ ಬೂಷ್ಟು ಬೆಳೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ಮನೆಗಳ ಒಳಗೆ ಅದಕ್ಕಿಂತ ಕಡಿಮೆ ಇರುವ ದಿನಗಳೇ ಅಪರೂಪ. ತೇವವನ್ನು ತಡೆಯುವುದು ಸಾಧ್ಯವಿಲ್ಲ. ಬಟ್ಟೆಯ ಮೇಲೆ ಅದು ನಿಲ್ಲದಂತೆ ನೋಡಿಕೊಳ್ಳಬಹುದು.

ಬೀರುವನ್ನು ಹೊರಗೋಡೆಗೆ ಒತ್ತಿ ಇಡಬೇಡಿ, ನಡುವೆ ಒಂದು ಗೇಣು ಬಿಡಿ. ಪ್ಲಾಸ್ಟಿಕ್ ಕವರ್ ಬೇಡವೇ ಬೇಡ. ಮಡಿಕೆಯೊಳಗೆ ಸೇರಿದ ತೇವ ಅದರಲ್ಲಿ ಸಿಕ್ಕಿ ಹಾಕಿಕೊಳ್ಳುತ್ತದೆ. ಒಗೆದೊಗೆದು ಮೆತ್ತಗಾದ ಹಳೆಯ ಪಂಚೆಯಲ್ಲಿ ಸುತ್ತಿಡಿ. ಬೀರುವಿನೊಳಗೆ ಸಣ್ಣ ಬಲ್ಬ್ ಉರಿಸಿಡುವ ರೂಢಿ ಎಷ್ಟೋ ಮನೆಗಳಲ್ಲಿದೆ. ಅದು ಕೆಲಸ ಮಾಡುವುದು ಬಲ್ಬಿನ ಬಿಸಿಯಿಂದ, ಹಾಗಾಗಿ ಎಲ್‌ಇಡಿ ಬಲ್ಬ್ ಹಾಕಿ ಪ್ರಯೋಜನವಿಲ್ಲ. ಬಿಸಿಯಾಗುವ ಬಲ್ಬ್ ಹಾಕುವವರು ಯಾವ ಬಟ್ಟೆಯೂ ಅದಕ್ಕೆ ತಾಗದಂತೆ ತಂತಿ ಬಲೆ ಕಟ್ಟಲೇಬೇಕು. ಅಗ್ಗಿಷ್ಟಿಕೆ ಇರುವ ಕೋಣೆಯಲ್ಲಿ ವಾರಕ್ಕೊಮ್ಮೆ ಬಟ್ಟೆಗಳನ್ನು ಬಿಡಿಸಿ ತೂಗುಹಾಕಿದರೂ ಸಾಕು. ಸ್ವಲ್ಪ ಹೊಗೆ ವಾಸನೆ ಹಿಡಿದೀತು, ಅದರಿಂದ ನಷ್ಟವೇನಿಲ್ಲ. ಕೆಂಡಕ್ಕೆ ಹತ್ತಿರ ಮಾತ್ರ ಬೇಡ.

ಬೂಷ್ಟು ಆಗಲೇ ಬಂದಿದ್ದರೆ ಒದ್ದೆ ಬಟ್ಟೆಯಿಂದ ಒರೆಸಬೇಡಿ, ಇನ್ನಷ್ಟು ಹರಡುತ್ತದೆ. ಪೂರ್ತಿ ಒಣಗಿಸಿ, ಮನೆಯ ಹೊರಗೆ ತಂದು, ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೆದು ಬ್ರಷ್‌ನಿಂದ ಎಳೆಯ ಉದ್ದಕ್ಕೆ ತೆಗೆಯಿರಿ. ಆಮೇಲೆ ಬೆಳಗಿನ ಬಿಸಿಲಿಗೆ ಹಿಡಿಯಿರಿ. ಬಿಳಿ ಹತ್ತಿಗೆ ಎಷ್ಟು ಬಿಸಿಲಾದರೂ ಆದೀತು, ಬಣ್ಣದ ಉಣ್ಣೆಗೆ ಒಂದರ್ಧ ಗಂಟೆ ಸಾಕು. ಕಾಫಿ ಒಣಗಿಸುವ ಕಣದ ಸಿಮೆಂಟಿನ ಮೇಲೆ ನಡುಮಧ್ಯಾಹ್ನ ಶಾಲು ಹರವಿ ಬಣ್ಣ ಕಳೆದುಕೊಂಡವರನ್ನು ನೋಡಿದ್ದೇವೆ.

ಹುಳು ತಿಂದ ತೂತುಗಳಿವೆ. ನುಸಿಗುಳಿಗೆ ಹಾಕಬಹುದೇ?

ಉಣ್ಣೆ ತಿನ್ನುವುದು ಹಾರುವ ಪತಂಗವಲ್ಲ, ಅದರ ಮರಿಹುಳು. ಬೆವರು, ಎಣ್ಣೆ, ಊಟದ ಕಲೆ ಇರುವ ಜಾಗವೇ ಅದಕ್ಕೆ ಮೊದಲು ಇಷ್ಟ, ಆದ್ದರಿಂದ ಕೊಳೆ ಬಟ್ಟೆಯನ್ನು ಒಳಗಿಡಬೇಡಿ. ಹತ್ತಿಗೆ ಈ ಹುಳುವಿನ ಕಾಟವಿಲ್ಲ, ಆದರೆ ಗಂಜಿ ಹಾಕಿದ ಹತ್ತಿಯನ್ನು ಬೆಳ್ಳಿ ಬಣ್ಣದ ಚುರುಕು ಹುಳುಗಳು ಕೆರೆದು ತಿನ್ನುತ್ತವೆ. ಸೀರೆಗೆ ಗಂಜಿ ಹಾಕುವುದಿದ್ದರೆ ಉಡುವ ಮುನ್ನ ಹಾಕಿ, ಎತ್ತಿಡುವ ಮುನ್ನ ಅಲ್ಲ.

ನುಸಿಗುಳಿಗೆಯನ್ನು ನಾವು ಹೇಳುವುದಿಲ್ಲ, ಅದರಲ್ಲೂ ಚಿಕ್ಕ ಮಕ್ಕಳಿರುವ ಮನೆಯಲ್ಲಿ. ಲಾವಂಚ, ಕರಿಬೇವು, ಲವಂಗ ಇವೆಲ್ಲ ಪತಂಗವನ್ನು ಸ್ವಲ್ಪ ದೂರ ಇಡಬಲ್ಲವು, ಒಳಗಿರುವ ಹುಳುವನ್ನು ಕೊಲ್ಲಲಾರವು. ಕೊಲ್ಲಲು ಸುಲಭದ ದಾರಿ ಫ್ರೀಜರ್. ಬಟ್ಟೆಯನ್ನು ಗಾಳಿಯಾಡದ ಚೀಲದಲ್ಲಿ ಬಿಗಿದು ಮೈನಸ್ 18 ಡಿಗ್ರಿಯಲ್ಲಿ ಎರಡು ವಾರ ಇಡಿ. ಹೊರತೆಗೆದ ಕೂಡಲೇ ಚೀಲ ಬಿಚ್ಚಬೇಡಿ. ಕೋಣೆಯ ಬಿಸಿಗೆ ಬರುವವರೆಗೆ ಕಾಯಿರಿ, ಇಲ್ಲವಾದರೆ ತಣ್ಣನೆಯ ಬಟ್ಟೆಯ ಮೇಲೆ ನೀರು ಕೂರುತ್ತದೆ.

ಉಂಗುರದೊಳಗೆ ತೂರಿದರೆ ಪಶ್ಮಿನಾ ಅಸಲಿಯೇ?

ಅಲ್ಲ. ತೆಳು ರೇಷ್ಮೆ, ವಿಸ್ಕೋಸ್ ಕೂಡ ಉಂಗುರದೊಳಗೆ ಸರಾಗವಾಗಿ ಹಾದುಹೋಗುತ್ತವೆ.

ಪಶ್ಮಿನಾ ಎಂದರೆ ಲಡಾಖಿನ ಚಾಂಗ್‌ಥಾಂಗ್ ಪ್ರಸ್ಥಭೂಮಿಯ ಮೇಕೆಯ ಒಳತುಪ್ಪಳ. ಚಳಿಗಾಲಕ್ಕೆಂದು ಬೆಳೆದದ್ದನ್ನು ವಸಂತದಲ್ಲಿ ಬಾಚಿ ತೆಗೆಯುತ್ತಾರೆ. ಎಳೆಯ ದಪ್ಪ ಸುಮಾರು 12ರಿಂದ 15 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್). ಕಾಶ್ಮೀರ ಪಶ್ಮಿನಾಕ್ಕೆ 2008ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿತು. ಆ ಗುರುತು ಬೇಕಾದರೆ ಎಳೆ 16 ಮೈಕ್ರಾನ್ ಮೀರಬಾರದು, ಕೈಯಲ್ಲೇ ನೂತಿರಬೇಕು, ಕೈಮಗ್ಗದಲ್ಲೇ ನೇಯ್ದಿರಬೇಕು. ಯಂತ್ರದಲ್ಲಿ ನೂಲುವಾಗ ಎಳೆ ತಡೆದುಕೊಳ್ಳುವುದಿಲ್ಲವೆಂದು ನೈಲಾನ್ ಬೆರೆಸಿ, ಆಮೇಲೆ ಆಮ್ಲದಲ್ಲಿ ಅದನ್ನು ಕರಗಿಸುವುದುಂಟು. ಅಂಥ ಶಾಲಿನ ಬಾಳಿಕೆ ಕಡಿಮೆ.

ಮನೆಯಲ್ಲಿ ಮಾಡಬಹುದಾದ ಪರೀಕ್ಷೆ ಒಂದೇ. ಕುಚ್ಚಿನ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ ಅಥವಾ ರೇಷ್ಮೆ. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ವಿಸ್ಕೋಸ್. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಪಶ್ಮಿನಾವೋ ಬೇರೆ ನಯವಾದ ಉಣ್ಣೆಯೋ ಎಂಬುದನ್ನು ಸೂಕ್ಷ್ಮದರ್ಶಕವೇ ಹೇಳಬೇಕು.

ಶಾತೂಷ್ ಶಾಲು ಸಿಗುತ್ತದೆಯೇ?

ಕೇಳಲೂಬೇಡಿ. ಅದು ಚಿರು ಎಂಬ ಟಿಬೆಟನ್ ಜಿಂಕೆಯನ್ನು ಕೊಂದು ತೆಗೆದ ತುಪ್ಪಳ. ಭಾರತದಲ್ಲಿ ಮಾರುವುದೂ ಕೊಳ್ಳುವುದೂ ಅಪರಾಧ.

ಬೈಲಕುಪ್ಪೆಯ ಟಿಬೆಟನ್ ಕಾರ್ಪೆಟ್‌ನಲ್ಲಿ ಏನು ವಿಶೇಷ?

ಕುಶಾಲನಗರದಿಂದ ಕಾವೇರಿ ಸೇತುವೆ ದಾಟಿದರೆ ಸ್ವಲ್ಪ ದೂರದಲ್ಲೇ ಬೈಲಕುಪ್ಪೆ. 1961ರಲ್ಲಿ ಅಲ್ಲಿ ನೆಲೆ ಕಂಡ ಟಿಬೆಟನ್ನರು ಕಾರ್ಪೆಟ್ ಕಸುಬನ್ನೂ ಜೊತೆಗೆ ತಂದರು. ಸಾಧ್ಯವಾದರೆ ಮಗ್ಗದ ಪಕ್ಕ ನಿಂತು ನೋಡಿ. ಮಗ್ಗ ಗೋಡೆಯಂತೆ ನೆಟ್ಟಗೆ ನಿಂತಿರುತ್ತದೆ. ಪರ್ಷಿಯಾದ ರತ್ನಗಂಬಳಿಯಲ್ಲಿ ಒಂದೊಂದು ಗಂಟನ್ನೂ ಬೇರೆ ಬೇರೆ ಕಟ್ಟಿ ಕತ್ತರಿಸುತ್ತಾರೆ. ಟಿಬೆಟನ್ ಕೈ ಹಾಗಲ್ಲ. ಹಾಸಿನ ಅಡ್ಡಕ್ಕೆ ಒಂದು ಸರಳು ಹಿಡಿದು, ಉಣ್ಣೆಯ ಎಳೆಯನ್ನು ಹಾಸಿನ ಹಿಂದಿನಿಂದ ತಂದು ಸರಳಿನ ಮೇಲೆ ಸುತ್ತುತ್ತ ಹೋಗುತ್ತಾರೆ. ಚಿತ್ತಾರದಲ್ಲಿ ಬಣ್ಣ ಬದಲಾಗುವಲ್ಲಿ ಎಳೆ ಬದಲಿಸುತ್ತಾರೆ. ಒಂದು ಸಾಲು ಮುಗಿದ ಮೇಲೆ ಸುತ್ತಿಗೆಯಿಂದ ಸರಳನ್ನು ಬಡಿದು ಕೂರಿಸಿ, ಅದರ ಉದ್ದಕ್ಕೂ ಚಾಕು ಎಳೆಯುತ್ತಾರೆ. ಸುತ್ತಿದ್ದೆಲ್ಲ ಒಂದೇ ಬಾರಿಗೆ ಸೀಳಿ ರೋಮದಂತೆ ಎದ್ದು ನಿಲ್ಲುತ್ತದೆ. ಕೊನೆಗೆ ಕತ್ತರಿ ಹಿಡಿದು ಹೂವಿನ, ಮೋಡದ ಅಂಚುಗಳನ್ನು ಕೊರೆದು ಉಬ್ಬು ತೋರುವಂತೆ ಮಾಡುತ್ತಾರೆ. ಬೆರಳಾಡಿಸಿದರೆ ಆ ಕೊರೆತ ಗೊತ್ತಾಗುತ್ತದೆ.

ಸುಮಾರು ಮೂರು ಅಡಿ ಅಗಲ, ಆರು ಅಡಿ ಉದ್ದದ್ದು ಅವರು ಕೂರಲೂ ಮಲಗಲೂ ಬಳಸುವ ಅಳತೆ. ನಮ್ಮ ಮನೆಗಳ ಬೆಂಚಿಗೂ ಅದು ಸರಿಹೊಂದುತ್ತದೆ. ಕೆಂಪು ರೆಡ್‌ಆಕ್ಸೈಡ್ ನೆಲದ ಮೇಲೆ ಮಳೆಗಾಲವಿಡೀ ಹಾಸಿಡಬೇಡಿ, ನೆಲದಿಂದ ಏಳುವ ತೇವವನ್ನು ಅಡಿಭಾಗ ಹೀರುತ್ತದೆ. ಎತ್ತಿಡುವಾಗ ಮಡಚದೆ ಸುರುಳಿ ಸುತ್ತಿ.

ಕುಪ್ಯಚೇಲೆ ಕೈಮಗ್ಗದ ಬಟ್ಟೆಯದೇ? ಕೊಡಗಿನದ್ದೇ ಆದ ನೇಯ್ಗೆ ಇದೆಯೇ?

ಕೊಡಗು ನೇಕಾರಿಕೆಗೆ ಹೆಸರಾದ ಸೀಮೆಯಲ್ಲ. ಬಟ್ಟೆ ಘಟ್ಟದ ಕೆಳಗಿನಿಂದಲೋ ಬಯಲಿನಿಂದಲೋ ಬರುತ್ತಿತ್ತು. ಇಲ್ಲಿನವರ ವಿಶೇಷತೆ ಇರುವುದು ಅದನ್ನು ಹೊಲಿದು, ಕಟ್ಟಿ, ಉಡುವ ರೀತಿಯಲ್ಲಿ. ಕೊಡವ ಗಂಡಸರ ನಿಲುವಂಗಿಯಾದ ಕರಿ ಕುಪ್ಯ, ಮದುಮಗನ ಬಿಳಿ ಕುಪ್ಯ, ನಡುವಿಗೆ ಕೆಂಪು ರೇಷ್ಮೆಯ ಚೇಲೆ, ಅದರಲ್ಲಿ ಸಿಕ್ಕಿಸಿದ ಪೀಚೆಕತ್ತಿ, ಇವೆಲ್ಲ ಎಲ್ಲರೂ ಬಲ್ಲದ್ದೇ. ಈಗ ಕುಪ್ಯ ಹೊಲಿಸುವುದು ಹೆಚ್ಚಾಗಿ ಗಿರಣಿ ಬಟ್ಟೆಯಲ್ಲಿ. ಬಿಳಿ ಕುಪ್ಯಕ್ಕೆ ದಪ್ಪ ಖಾದಿ ಬಳಸಿ ನೋಡಿ ಎಂದು ನಾವು ಮದುವೆ ಮನೆಯವರಿಗೆ ಹೇಳುತ್ತೇವೆ. ಮೈಮೇಲೆ ಚೆನ್ನಾಗಿ ಕೂರುತ್ತದೆ, ಬೆವರೂ ಹೀರುತ್ತದೆ.

ಅಜ್ಜಿಯ ಕಾಲದ ಚೇಲೆ, ವಸ್ತ್ರ ಮನೆಯಲ್ಲಿದ್ದರೆ ದಯವಿಟ್ಟು ಡ್ರೈಕ್ಲೀನಿಂಗ್‌ಗೆ ಕೊಡುವ ಮುನ್ನ ಯೋಚಿಸಿ. ಹಳೆಯ ಜರಿ ಮತ್ತು ಕಸೂತಿ ಎಲ್ಲ ರಾಸಾಯನಿಕಗಳನ್ನೂ ತಾಳುವುದಿಲ್ಲ. ಮಡಿಕೆ ಬದಲಿಸಿ ಬದಲಿಸಿ ಇಡಿ. ಒಂದೇ ಗೆರೆಯಲ್ಲಿ ಹತ್ತಾರು ವರ್ಷ ಮಡಚಿಟ್ಟ ರೇಷ್ಮೆ ಆ ಗೆರೆಯಲ್ಲೇ ಸೀಳುತ್ತದೆ.

ಇಳಕಲ್ ಸೀರೆಯನ್ನು ಕೊಡವ ಶೈಲಿಯಲ್ಲಿ ಉಡಬಹುದೇ?

ಧಾರಾಳವಾಗಿ. ಒಂದು ವಿಷಯ ಮಾತ್ರ ತಿಳಿದಿರಿ. ಇಳಕಲ್ ಸೀರೆಯ ಸೊಬಗೆಲ್ಲ ಸೆರಗಿನಲ್ಲಿದೆ. ಒಡಲಿನ ಹಾಸು ಹತ್ತಿಯದು, ಸೆರಗಿನ ಹಾಸು ರೇಷ್ಮೆಯದು. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಸೀರೆಯನ್ನು ತಿರುಗಿಸಿ, ಬಣ್ಣ ಬದಲಾಗುವ ಜಾಗದಲ್ಲಿ ಉಗುರು ಆಡಿಸಿದರೆ ಆ ಕೊಂಡಿಗಳ ಸಾಲು ತಾಗುತ್ತದೆ. ಸೆರಗು ಹೊಲಿದು ಸೇರಿಸಿದ್ದೆಂದು ಯಾರಾದರೂ ಹೇಳಿದರೆ ಇದನ್ನು ತೋರಿಸಿ. ಅಲ್ಲಿಂದ ಮುಂದೆ ಕೆಂಪಿನ ಮೇಲೆ ಬಿಳಿಯ ತೋಪು ತೆನೆ ಚಿತ್ತಾರ. ಕೊಡವ ಶೈಲಿಯಲ್ಲಿ ನೆರಿಗೆ ಹಿಂದಕ್ಕೆ ಹೋಗಿ, ಸೆರಗು ಬಲಭುಜದ ಮೇಲೆ ಕೂಡಿಕೊಳ್ಳುವುದರಿಂದ ಬೆನ್ನ ಮೇಲೆ ಇಳಿಬೀಳುವುದಿಲ್ಲ. ತೋಪು ತೆನೆ ಕಾಣಲೇಬೇಕೆಂದಿದ್ದರೆ ಇದು ತಕ್ಕ ಉಡುಗೆಯಲ್ಲ. ದಪ್ಪ ಅಂಚು ಮುಖ್ಯವೆಂದಾದರೆ ಬಹಳ ಚೆಂದ, ಹಿಂದಿನ ನೆರಿಗೆಯಲ್ಲಿ ಅಂಚು ಒಂದರ ಮೇಲೊಂದು ಸಾಲಾಗಿ ನಿಲ್ಲುತ್ತದೆ.

ತೆಳು ಹತ್ತಿ ಇಷ್ಟವಿದ್ದವರಿಗೆ ಉಡುಪಿ ಸೀರೆ. 2016ರಲ್ಲಿ ಭೌಗೋಳಿಕ ಗುರುತು ಪಡೆದದ್ದು, ಕರಾವಳಿಯ ಸೆಕೆಗೆಂದೇ ನೇಯ್ದದ್ದು. ಕೊಡಗಿನ ಮಟ್ಟಿಗೆ ಅದರ ದೊಡ್ಡ ಅನುಕೂಲ, ಬೇಗ ಒಣಗುತ್ತದೆ.

ಬಣ್ಣ ಬಿಡುತ್ತದೆಯೇ?

ಕೆಲವು ಬಿಡುತ್ತವೆ. ನೀಲಿ (ಇಂಡಿಗೊ) ಎಂಬುದು ಎಳೆಯ ಮೇಲ್ಮೈಯಲ್ಲಿ ಕೂರುವ ಬಣ್ಣ, ಹೊಸದರಲ್ಲಿ ಕೈಗೆ ಸ್ವಲ್ಪ ಹತ್ತುವುದು ಸಹಜ. ಮಂಜಿಷ್ಠದ ಕೆಂಪು ಸರಿಯಾಗಿ ಪಟಿಕದಲ್ಲಿ ಕೂರಿಸಿದ್ದರೆ ಗಟ್ಟಿ. ಅಡಿಕೆ ಚೊಗರಿನ ಕೆಂಗಂದು ಬಣ್ಣವನ್ನು ಹೆಗ್ಗೋಡಿನ ಚರಕ ಸಂಸ್ಥೆಯವರು ಹತ್ತಿ ಬಟ್ಟೆಗಳಲ್ಲಿ ಬಳಸುತ್ತಾರೆ, ನಮಗೆ ಬಹಳ ಮೆಚ್ಚಿನ ಬಣ್ಣವದು. ಮೂಲೆಯೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮೇಲೆ ಒತ್ತಿ ನೋಡಿದ ಮೇಲೆ ಒಗೆಯಿರಿ.

ಒಗೆಯುವುದು ಹೇಗೆ?

ಉಣ್ಣೆಯ ಎಳೆಗೆ ಮೀನಿನ ಪೊರೆಯಂಥ ಸೂಕ್ಷ್ಮ ಪದರಗಳಿವೆ. ಬಿಸಿನೀರಿನಲ್ಲಿ ಉಜ್ಜಿದರೆ ಅವು ಒಂದಕ್ಕೊಂದು ಕೊಕ್ಕೆ ಹಾಕಿಕೊಂಡು ಬಟ್ಟೆ ಕುಗ್ಗಿ ಗಟ್ಟಿಯಾಗುತ್ತದೆ, ಮತ್ತೆ ಹಿಗ್ಗುವುದಿಲ್ಲ. ಆದ್ದರಿಂದ ತಣ್ಣೀರು, ಅಂಟುವಾಳದ ನೊರೆ, ಹತ್ತು ನಿಮಿಷ ನೆನೆಸುವುದು, ಮೆಲ್ಲಗೆ ಅದುಮುವುದು. ಹಿಂಡಬೇಡಿ. ದಪ್ಪ ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ಚಪ್ಪಟೆಯಾಗಿ ಹರವಿ ಒಣಗಿಸಿ. ಹತ್ತಿಗೆ ಇಷ್ಟೆಲ್ಲ ಉಪಚಾರ ಬೇಕಿಲ್ಲ. ಮಳೆಗಾಲದಲ್ಲಿ ಉಣ್ಣೆ ಒಗೆಯುವ ಸಾಹಸಕ್ಕೆ ಮಾತ್ರ ಇಳಿಯಬೇಡಿ, ಒಣಗುವ ಮೊದಲೇ ಮುಗ್ಗಲು ವಾಸನೆ ಬರುತ್ತದೆ.

ಹೋಂಸ್ಟೇ ಕೊಠಡಿಗಳಿಗೆ ಯಾವುದು ಸೂಕ್ತ?

ನೆಲಕ್ಕೆ ನವಲಗುಂದದ ಜಮಖಾನೆ. ಹೆಂಗಸರೇ ನೇಯುವ ದಪ್ಪ ಹತ್ತಿ, ಗಿಳಿ, ನವಿಲು, ಪಗಡೆ ಹಾಸಿನ ಚಿತ್ತಾರ, ಹುಳುವಿನ ಭಯವಿಲ್ಲ. ಹಾಸಿಗೆಗೆ ಕಣ್ಣೂರಿನ ಕೈಮಗ್ಗದ ಹೊದಿಕೆ. ಮಾಕುಟ್ಟ ಘಟ್ಟ ಇಳಿದರೆ ಅಲ್ಲೇ ಸಿಗುತ್ತದೆ. ಕಂಬಳಿಯನ್ನು ಅತಿಥಿಗಳ ಕಾಲಬುಡದಲ್ಲಿ ಮಡಚಿಡಿ, ಬೇಕಾದವರು ಎಳೆದುಕೊಳ್ಳುತ್ತಾರೆ. ಗೋಡೆಗೆ ಬಟ್ಟೆ ತೂಗುಹಾಕುವವರು ಹಿಂದೆ ಮರದ ಪಟ್ಟಿ ಕೊಟ್ಟು ಗಾಳಿಗೆ ಜಾಗ ಬಿಡಿ.

ನೀಲಗಿರಿಯ ತೋಡರ ಶಾಲು ನೇಯ್ದದ್ದೋ ಕಸೂತಿಯೋ?

ಕಸೂತಿ. ಒರಟು ಬಿಳಿ ಹತ್ತಿ ಬಟ್ಟೆಯನ್ನು ಹೊರಗಿನಿಂದ ಕೊಂಡು, ತೋಡ ಹೆಂಗಸರು ಎಳೆ ಎಣಿಸಿ ಕೆಂಪು, ಕಪ್ಪು ನೂಲಿನಲ್ಲಿ ತುಂಬುತ್ತಾರೆ. ಎಷ್ಟು ಬಿಗಿಯೆಂದರೆ ನೋಡಿದವರು ನೇಯ್ಗೆ ಎಂದೇ ಭಾವಿಸುತ್ತಾರೆ. 2013ರಲ್ಲಿ ಭೌಗೋಳಿಕ ಗುರುತು ಬಂದಿದೆ.

ಹೊರದೇಶಗಳ ಕೈನೇಯ್ಗೆಯಲ್ಲಿ ಕೊಡಗಿನವರು ನೋಡಲೇಬೇಕಾದದ್ದು ಯಾವುದು?

ಹ್ಯಾರಿಸ್ ಟ್ವೀಡ್. ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಔಟರ್ ಹೆಬ್ರಿಡೀಸ್ ದ್ವೀಪಗಳಲ್ಲಿ ಗಾಳಿ, ಮಳೆ ಸಾಕುಬೇಕಾಗುವಷ್ಟು. ಅಲ್ಲಿನವರು ಅದೇ ಹವೆಗೆ ತಕ್ಕ ಉಣ್ಣೆ ಬಟ್ಟೆಯನ್ನು ಮನೆಯಲ್ಲೇ, ಕಾಲಿನಿಂದ ತುಳಿಯುವ ಮಗ್ಗದಲ್ಲಿ ನೇಯುತ್ತಾರೆ. ನೇಕಾರನ ಮನೆಯಲ್ಲಿ ನೇಯ್ದಿರಬೇಕು, ಆ ದ್ವೀಪಗಳಲ್ಲೇ ಆಗಿರಬೇಕು ಎಂದು ಬ್ರಿಟಿಷ್ ಸಂಸತ್ತು 1993ರಲ್ಲಿ ಕಾಯ್ದೆಯನ್ನೇ ಮಾಡಿತು. ಒಂದು ಬಟ್ಟೆಗಾಗಿ ಒಂದು ಕಾಯ್ದೆ! ನಮ್ಮ ಕಂಬಳಿಗೂ ಅಂಥ ಗೌರವ ಸಲ್ಲಬೇಕು ಎಂದು ನಾವು ಬಲವಾಗಿ ನಂಬುತ್ತೇವೆ.

ಪೆರುವಿನ ಟಿಟಿಕಾಕಾ ಸರೋವರದ ತಾಕಿಲೆ ದ್ವೀಪದಲ್ಲಿ ಗಂಡಸರು ಹೆಣೆಯುತ್ತಾರೆ. ಘಾನಾದ ಕೆಂಟೆ ಬಟ್ಟೆಯನ್ನು ಅಂಗೈ ಅಗಲದ ಉದ್ದ ಪಟ್ಟಿಗಳಾಗಿ ನೇಯ್ದು ಆಮೇಲೆ ಹೊಲಿದು ಸೇರಿಸುತ್ತಾರೆ. ಬೈಲಕುಪ್ಪೆಯಲ್ಲಿ ಮದುವೆಯಾದ ಟಿಬೆಟನ್ ಹೆಂಗಸರು ಮುಂದೆ ಕಟ್ಟುವ ಪಟ್ಟೆಪಟ್ಟೆಯ ಪಂಗ್ದೆನ್ ಕೂಡ ಹೀಗೆಯೇ ಕಿರಿದಾದ ಪಟ್ಟಿಗಳನ್ನು ಸೇರಿಸಿದ್ದು. ಪಟ್ಟೆಗಳನ್ನು ಬೇಕೆಂದೇ ಹೊಂದಿಸದೆ ಬಿಟ್ಟಿರುತ್ತಾರೆ, ಅದರಿಂದಲೇ ಆ ಬಣ್ಣಗಳಿಗೆ ಓಟ ಬರುತ್ತದೆ.

ಬೆಲೆ ಯಾಕಿಷ್ಟು? ಚೌಕಾಸಿ ಮಾಡಬಹುದೇ?

ಬೆಲೆಯಲ್ಲಿ ದೊಡ್ಡ ಪಾಲು ನೇಯುವ ಮೊದಲಿನ ಕೆಲಸದ್ದು: ನೂಲುವುದು, ಬಣ್ಣ, ಹಾಸು ಹೂಡುವುದು, ಸಾವಿರಾರು ಎಳೆಗಳನ್ನು ಒಂದೊಂದಾಗಿ ಹಣಿಗೆಯಲ್ಲಿ ಪೋಣಿಸುವುದು. ಆ ಕೆಲಸ ಮಾಡುವುದು ಮನೆಯ ಹೆಂಗಸರು, ವಯಸ್ಸಾದವರು. ಅವರ ಕೂಲಿಯನ್ನು ಲೆಕ್ಕಕ್ಕೆ ಹಿಡಿಯುವವರೇ ಕಡಿಮೆ. ನಾವು ಬೆಲೆ ಇಳಿಸುವುದಿಲ್ಲ. ಕಡಿಮೆ ಬೆಲೆಯದು ಬೇಕಿದ್ದರೆ ಸಣ್ಣ ವಸ್ತು ಕೊಳ್ಳಿ. ಒಂದು ಖಾದಿ ಟವೆಲ್, ಗುಳೇದಗುಡ್ಡದ ಒಂದು ಖಣ, ಎರಡೂ ಕೈಗೆಟಕುವಂಥವು.

ತೂತಾದ ಕಂಬಳಿ, ಶಾಲು ಸರಿಪಡಿಸಬಹುದೇ?

ಕಾಳಿನಷ್ಟು ತೂತಾದರೆ ಮನೆಯಲ್ಲೇ ಆಗುತ್ತದೆ. ಅದೇ ಬಟ್ಟೆಯ ಕುಚ್ಚಿನಿಂದ ಎಳೆ ಕಿತ್ತುಕೊಳ್ಳಿ, ಬಣ್ಣ ಹೊಂದಿಸುವ ಕಷ್ಟ ತಪ್ಪುತ್ತದೆ. ಮೊಂಡು ಸೂಜಿಯಲ್ಲಿ ಮೊದಲು ಹಾಸಿನ ದಿಕ್ಕಿಗೆ, ಬಳಿಕ ಹೊಕ್ಕಿನ ದಿಕ್ಕಿಗೆ ಒಂದು ಮೇಲೆ ಒಂದು ಕೆಳಗೆ ಹಾಯಿಸುತ್ತ ತುಂಬಿ. ತೂತಿನ ಸುತ್ತ ಅರ್ಧ ಇಂಚು ಗಟ್ಟಿ ಬಟ್ಟೆಯಿಂದಲೇ ಹೊಲಿಗೆ ಶುರು ಮಾಡಿ, ಬಿಗಿಯಾಗಿ ಎಳೆಯಬೇಡಿ. ಕಂಬಳಿಯ ಮಟ್ಟಿಗೆ ಇಷ್ಟು ಸಾಕು, ನಾಲ್ಕು ದಿನ ಬಳಸಿದರೆ ಉಣ್ಣೆ ಕೂಡಿಕೊಳ್ಳುತ್ತದೆ. ಪಶ್ಮಿನಾ ಮತ್ತು ಹಳೆಯ ರೇಷ್ಮೆಗೆ ಕೈ ಹಾಕಬೇಡಿ, ರಫೂ ಕೆಲಸ ಬಲ್ಲವರಿಗೇ ಕೊಡಿ. ಕೊಡುವ ಮುನ್ನ ಫ್ರೀಜರ್‌ನಲ್ಲಿ ಎರಡು ವಾರ ಇಡುವುದನ್ನು ಮರೆಯಬೇಡಿ, ಇಲ್ಲವಾದರೆ ಹುಳು ಅವರ ಮನೆಯ ಬಟ್ಟೆಗಳಿಗೂ ಹೋಗುತ್ತದೆ.